ಯಂತ್ರದ ದನಿಗೆ ಎಲ್ಲರೂ ‘ಹೂಂ’ ಅಂದರು

ಮೊದಲ ಯಂತ್ರ ಮಾತಾಡಲಿಲ್ಲ, ಗೊರಕೆ ಹೊಡೆಯಿತು. ರಿಪೇರಿ ಅಂಗಡಿಯಿಂದ ತಂದ ಹಳೆಯ ಮೊಬೈಲುಗಳ ವೈಬ್ರೇಟರ್ ಮೋಟಾರು ಕಿತ್ತು, ಔಷಧಿ ಡಬ್ಬಿಯಲ್ಲಿ ಕೂರಿಸಿ, ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರ ಕುತ್ತಿಗೆಗೆ ಒತ್ತಿ ಹಿಡಿದು ಬಾಯಿ ಆಡಿಸಿ ಅಂದಿದ್ದೆ. ಅವರು ಆಡಿಸಿದರು. ಡಬ್ಬಿ ನಡುಗಿತು, ನನ್ನ ಕೈಯೂ ನಡುಗಿತು, ಅವರ ಬಾಯಿಂದ ಮಾತ್ರ ಏನೂ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಂಟಲು ಡಾಕ್ಟರು ಗಂಭೀರ ಮುಖ ಮಾಡಿ, “ಮೇಡಂ, ಇದು ಬೆನ್ನುನೋವಿಗೆ ಛಲೋ ಐತಿ” ಅಂದರು.

ಈ ಉಸಾಬರಿಯನ್ನು ನನ್ನ ತಲೆಗೆ ಕಟ್ಟಿದವರು ಅವರೇ. ನಾನು ಊರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಆಸ್ಪತ್ರೆಯ ಕಿವಿಯಂತ್ರಗಳು ಕೆಟ್ಟಾಗ ನನ್ನ ಬಳಿ ಬರುತ್ತಿದ್ದವು. ಒಂದು ದಿನ ಡಾಕ್ಟರು ಕಿವಿಯಂತ್ರದ ಬದಲು ಒಬ್ಬ ಮನುಷ್ಯನನ್ನೇ ಕಳಿಸಿದರು. ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ. ಬಾಯಿ, ನಾಲಿಗೆ, ತುಟಿ ಎಲ್ಲ ಇದ್ದಲ್ಲೇ ಇರುತ್ತವೆ. ದನಿ ಹುಟ್ಟುವ ಜಾಗವೊಂದು ಇರುವುದಿಲ್ಲ. ಹೊರಗಿನಿಂದ ಕುತ್ತಿಗೆಗೆ ಸರಿಯಾದ ನಡುಕ ಕೊಟ್ಟರೆ ಅದು ಬಾಯೊಳಗೆ ಗುಂಯ್‌ಗುಡುತ್ತದೆ, ಆ ಗುಂಯ್ ಅನ್ನು ನಾಲಿಗೆ ತುಟಿಗಳು ಮಾತಾಗಿ ಕತ್ತರಿಸುತ್ತವೆ. ಅಂಥ ಯಂತ್ರ ಹೊರದೇಶದಿಂದ ಬರುತ್ತದೆ, ನಮ್ಮ ಕಡೆಯವರ ಕೈಗೆಟುಕುವುದಿಲ್ಲ. ಇಲ್ಲೇ ಮಾಡೋಣ ಅಂತ ಡಾಕ್ಟರು ಗಂಟುಬಿದ್ದರು. ಒಂದು ಕಂಪನಿ ಅದರ ಖರ್ಚಿಗೆ ಒಪ್ಪಿಕೊಂಡಿತು.

ಮೋಟಾರು ಕೈಬಿಟ್ಟೆ. ಒಡೆದ ಸ್ಪೀಕರುಗಳಿಂದ ಸುರುಳಿ, ಅಯಸ್ಕಾಂತ ತೆಗೆದು, ಸುರುಳಿಯ ತುದಿಗೆ ಸಣ್ಣ ಸುತ್ತಿಗೆಯಂಥದ್ದನ್ನು ಅಂಟಿಸಿ, ಅದು ಗಟ್ಟಿ ಬಿಲ್ಲೆಯೊಂದಕ್ಕೆ ಪಟಪಟ ಬಡಿಯುವ ಹಾಗೆ ಮಾಡಿದೆ. ಬಡಿತಕ್ಕೆ ದನಿಯೇನೋ ಬಂತು, ಆದರೆ ಬಿಲ್ಲೆ ಒಂದೇ ವಾರದಲ್ಲಿ ಸೀಳಿತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಬಿಡಿಭಾಗ ಕಡೆದುಕೊಡುವ ಲೇತ್ ಅಂಗಡಿಗೆ ಹೋಗಿ ನೈಲಾನ್ ತುಂಡಿನಿಂದ ಬೇರೆ ಬೇರೆ ದಪ್ಪದ ಬಿಲ್ಲೆ ಮಾಡಿಸಿದೆ. ದಪ್ಪವಾದರೆ ದನಿ ಒಳಗೇ ಸಾಯುತ್ತಿತ್ತು, ತೆಳ್ಳಗಾದರೆ ಸೀಳುತ್ತಿತ್ತು. ಅಂಗಡಿಯವರು ಕೊನೆಗೆ ನನ್ನನ್ನು ಕಂಡರೆ ಚಹಾ ಕುಡಿಯಲು ಎದ್ದು ಹೋಗತೊಡಗಿದರು. ಅವರ ತಪ್ಪಲ್ಲ, ನನ್ನ ಬಾಯಿ ಆ ದಿನಗಳಲ್ಲಿ ಅಷ್ಟು ಕೆಟ್ಟಿತ್ತು.

ಕೊನೆಗೂ ಸರಿಯಾದ ದಪ್ಪದ ಬಿಲ್ಲೆ ಸಿಕ್ಕಿತು, ಕುರಿ ವ್ಯಾಪಾರಿ ಬಂದದ್ದು ಆ ಹೊತ್ತಿಗೆ. ಬೇವೂರಿನ ಕಡೆಯವರು. ಕುಷ್ಟಗಿಯ ಕುರಿ ಸಂತೆಯಲ್ಲಿ ಹೆಸರು ಮಾಡಿದವರು. ಆಪರೇಷನ್ ಆಗಿ ವರ್ಷ ದಾಟಿತ್ತು. ಜೊತೆಗೆ ಅವರ ಅಣ್ಣ, ಮತ್ತು ನರ್ಸಿಂಗ್ ಮುಗಿಸಿ ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಗಳು. ಈ ಅಣ್ಣನನ್ನು ನೋಡಿ ನನಗೂ ಡಾಕ್ಟರಿಗೂ ಮನಸ್ಸು ತುಂಬಿ ಬಂದಿತ್ತು. ತಮ್ಮನನ್ನು ಹುಬ್ಬಳ್ಳಿಗೆ ಕರೆದೊಯ್ದು ಆಪರೇಷನ್ ಮಾಡಿಸಿದವರು, ಕುತ್ತಿಗೆಯ ತೂತನ್ನು ಸ್ವಂತ ಕೈಯಿಂದ ತೊಳೆದವರು. ನಾವು ಕರೆದಾಗಲೆಲ್ಲ ಹೊಲದ ಕೆಲಸ ಬಿಟ್ಟು ತಮ್ಮನನ್ನು ಕರೆತರುತ್ತಿದ್ದರು. “ನಮ್ಮ ತಮ್ಮಗ ಒಂದು ಮಾತು ಬರೂ ಹಂಗ ಮಾಡ್ರಿ ಮೇಡಂ. ಒಂದ ಮಾತು ಬಂದ್ರ ಸಾಕು” ಅಂದರು ಕೈಮುಗಿದು. ಎಂಥ ಅಣ್ಣ ಅಂತ ನಾನು ಮನೆಗೆ ಹೋಗಿ ಕೂಡ ಹೇಳಿದ್ದೆ.

ವ್ಯಾಪಾರಿಯ ಕುತ್ತಿಗೆ ನಮ್ಮನ್ನು ಅಳಿಸಿಬಿಟ್ಟಿತು. ಕರೆಂಟ್ ಕೊಡಿಸಿದ ಕುತ್ತಿಗೆ ಅದು. ರೇಡಿಯೇಷನ್ನಿಗೆ ನಮ್ಮ ಜನ ಹಾಗೆ ಅನ್ನುತ್ತಾರೆ. ಚರ್ಮ ಬಿಸಿಲಿಗೆ ಒಣಹಾಕಿದ ತೊಗಲಿನ ಹಾಗೆ ಬಿರುಸಾಗಿತ್ತು. ಎಲ್ಲಿ ಒತ್ತಿದರೂ ನಡುಕ ಹೊರಗೇ ಸಿಡಿದು ಕೋಣೆಯೆಲ್ಲ ಗುಂಯ್ ಅನ್ನುತ್ತಿತ್ತು, ಬಾಯೊಳಗೆ ಹೋಗುತ್ತಿರಲಿಲ್ಲ. ಬಲಗಡೆ, ಎಡಗಡೆ, ಕೆನ್ನೆ, ಗದ್ದದ ಕೆಳಗೆ, ಎಲ್ಲ ಕಡೆ ಬೆರಳಿನಿಂದ ಒತ್ತಿ ಒತ್ತಿ ಹುಡುಕಿದೆವು. ಎಡ ದವಡೆಯ ಮೂಳೆಯ ಒಳಮಗ್ಗುಲಿಗೆ ಬೆರಳ ತುದಿಯಷ್ಟು ಮೆತ್ತಗಿನ ಜಾಗ ಸಿಕ್ಕಿತು. ಮಗಳು ತನ್ನ ಪೆನ್ನು ತೆಗೆದು ಅಲ್ಲಿ ಗುರುತು ಮಾಡಿದಳು. ಯಂತ್ರ ಅಲ್ಲಿಟ್ಟು ಗುಂಡಿ ಒತ್ತಿದಾಗ ವ್ಯಾಪಾರಿ ಮಗಳ ಕಡೆ ತಿರುಗಿ “ಅವ್ವಾ” ಅಂದರು. ಒರಟು ದನಿ, ಏರಿಲ್ಲ, ಇಳಿವಿಲ್ಲ. ಮಗಳು ಮೊದಲು ನಕ್ಕಳು, ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಡಾಕ್ಟರ ಬೆನ್ನಿಗೆ ಗುದ್ದಿದೆ. ಅಷ್ಟು ಖುಷಿಯಾಗಿತ್ತು.

ಮುಂದಿನದು ಬರೀ ಅಭ್ಯಾಸ, ನನ್ನ ಕಾಲೇಜಿನ ಲ್ಯಾಬಿನಲ್ಲಿ. ಮಾತು ಶುರುವಾಗುವ ಹೊತ್ತಿಗೇ ಗುಂಡಿ ಒತ್ತಬೇಕು, ನಿಂತ ಕೂಡಲೇ ಬಿಡಬೇಕು. ಜೋರಾಗಿ ಹೇಳಬೇಕೆಂದು ಉಸಿರು ದಬ್ಬಿದರೆ ತೂತಿನಿಂದ ಬುಸ್ಸೆಂದು ಗಾಳಿ ಬಂದು ಮಾತು ಮುಚ್ಚಿಹೋಗುತ್ತದೆ. ಹಕಾರ ಬರುವುದೇ ಇಲ್ಲ, ಅದಕ್ಕೆ ಎದೆಯ ಗಾಳಿ ಬೇಕು. ಸಣ್ಣ ಸಣ್ಣ ಮಾತು, ಅಗಲ ಬಾಯಿ, ನಡುವೆ ತಡೆ. ವ್ಯಾಪಾರಿ ಹಠವಾದಿ. ಉಳಿದ ರೋಗಿಗಳು ಬೇಸತ್ತು ಮನೆಗೆ ಹೋದರೂ ಇವರು ಕೂತೇ ಇರುತ್ತಿದ್ದರು.

ಇಷ್ಟೊಂದು ಯಾಕೆ ಒದ್ದಾಡುತ್ತೀರಿ ಅಂತ ಒಮ್ಮೆ ಕೇಳಿದೆ. ಸಂತೆಯಲ್ಲಿ ಕುರಿಯ ಬೆಲೆ ಕುದುರುವುದು ಟವೆಲ್ಲಿನ ಅಡಿ, ಬೆರಳು ಹಿಡಿದು. ಬಾಯಿಂದ ಯಾರೂ ಬೆಲೆ ಹೇಳುವುದಿಲ್ಲ. ಹಾಗಾಗಿ ಅವರ ವ್ಯಾಪಾರಕ್ಕೆ ದನಿಯ ಹಂಗೇ ಇರಲಿಲ್ಲ. ಅವತ್ತು ಅಣ್ಣ ಕೆಳಗೆ ಚಹಾಕ್ಕೆ ಹೋಗಿದ್ದರು. ವ್ಯಾಪಾರಿ ಬಾಗಿಲ ಕಡೆ ನೋಡಿ, ಯಂತ್ರ ದವಡೆಗೆ ಹಿಡಿದು ನಿಧಾನವಾಗಿ ಹೇಳಿದರು: “ಯಾಪಾರಕ್ಕ ಬಾಯಿ ಬ್ಯಾಡ್ರಿ. ಮಗಳಿಗೆ ಬೇಕು.”

ಉಳಿದದ್ದನ್ನು ಮಗಳು ಬಿಡಿಸಿ ಹೇಳಿದಳು. ದೊಡ್ಡಪ್ಪ ತನ್ನ ಹೆಂಡತಿಯ ತಮ್ಮನಿಗೆ ಇವಳನ್ನು ತರಬೇಕೆಂದು ನಿಂತಿದ್ದಾನೆ. ಶ್ರೀರಾಮನಗರದ ಕಡೆ ಕಾಲುವೆ ನೀರಿನ ಗದ್ದೆಯವರು. ವರನಿಗೆ ವಯಸ್ಸಾಗಿದೆ, ಮದುವೆಯಾದ ಮೇಲೆ ನರ್ಸ್ ಕೆಲಸ ಬಿಡಬೇಕು ಅಂತ ಮೊದಲೇ ಹೇಳಿದ್ದಾರೆ. ಅವಳಿಗೆ ಒಪ್ಪಿಗೆಯಿಲ್ಲ, ಅಪ್ಪನಿಗೂ ಇಲ್ಲ. ಆದರೆ ಅಪ್ಪ ತಲೆ ಅಲ್ಲಾಡಿಸಿದರೆ ಜಡ್ಡಿನ ಮನುಷ್ಯ, ಸಿಟ್ಟಿನಲ್ಲಿದ್ದಾನೆ ಅನ್ನುತ್ತಾರೆ. ಕೈಸನ್ನೆ ಮಾಡಿದರೆ ನೋಡದ ಹಾಗೆ ಎದ್ದುಹೋಗುತ್ತಾರೆ. ಬಾಯಿಬಿಟ್ಟು ಬೇಡ ಅಂದರೆ ಯಾರೂ ಮೀರುವಂತಿಲ್ಲ ಎಂಬುದು ಅಪ್ಪನ ನಂಬಿಕೆ. ವ್ಯಾಪಾರಿ ಮಗಳ ಮಾತಿಗೆಲ್ಲ ತಲೆಯಾಡಿಸುತ್ತ ಯಂತ್ರವನ್ನು ಧೋತರದ ಅಂಚಿನಿಂದ ಒರೆಸುತ್ತಿದ್ದರು. ಅಂದಿನಿಂದ ನಾನು ಬೇರೆಲ್ಲ ಬದಿಗಿಟ್ಟು ಅವರ ಯಂತ್ರಕ್ಕೆ ಅಂಟಿಕೊಂಡೆ.

ಬ್ಯಾಟರಿ ಸಣ್ಣದು. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಚಾರ್ಜ್ ಖಾಲಿಯಾಗುತ್ತಿತ್ತು. ಅದಕ್ಕೆ ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಯಂತ್ರ ತಾನಾಗಿಯೇ ಆರುವ ಹಾಗೆ ಒಂದು ಕಟ್ಟುಪಾಡು ಹಾಕಿದೆ. ಮಾತಾಡುವವರು ಯಾರೂ ಅಷ್ಟು ಹೊತ್ತು ಗುಂಡಿ ಬಿಡದೆ ಇರುವುದಿಲ್ಲವಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಕಂಪನಿಗೆ ವರದಿ ಬೇಕಿತ್ತು. ಹೊರಗಿನ ಜನರಿಗೆ ಈ ಮಾತು ತಿಳಿಯುತ್ತದೋ ಇಲ್ಲವೋ ನೋಡಬೇಕಿತ್ತು. ವ್ಯಾಪಾರಿಯನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಸುತ್ತಿದೆವು. ಹುಲಿಗಿಯಲ್ಲಿ ಅಮ್ಮನ ದರ್ಶನಕ್ಕೆ ಬಂದವರ ನಡುವೆ, ಕುಷ್ಟಗಿಯ ಬಸ್ ನಿಲ್ದಾಣದಲ್ಲಿ, ಯಲಬುರ್ಗಾದ ಚಹಾದಂಗಡಿಗಳಲ್ಲಿ. ಇವರು ಒಂದು ಮಾತು ಹೇಳುವುದು, ನಾವು ಎದುರಿನವರನ್ನು ತಿಳಿಯಿತೇ ಅಂತ ಕೇಳಿ ಬರೆದುಕೊಳ್ಳುವುದು. ಎಲ್ಲರೂ ಹೂಂ ಅಂದರು. ತಿಳೀತ್ರಿ, ಛಲೋ ತಿಳೀತ್ರಿ ಅಂದರು. ಒಬ್ಬ ಹೂವಿನ ಹೆಂಗಸು ವ್ಯಾಪಾರಿಯ ಕೈಹಿಡಿದು ಕಣ್ಣಿಗೊತ್ತಿಕೊಂಡಳು. ಇಲ್ಲ ಅಂದವರೇ ಇಲ್ಲ. ಡಾಕ್ಟರು ವರದಿ ಬರೆದು ಕಳಿಸಿದರು. ಕಂಪನಿಯವರು ಬಿಡುಗಡೆ ಸಮಾರಂಭಕ್ಕೆ ಸಭಾಭವನ ಗೊತ್ತುಮಾಡಿದರು.

ಆ ಜನರಲ್ಲಿ ನಾನೂ ಒಬ್ಬಳು, ನನಗೆ ಗೊತ್ತಿರಬೇಕಿತ್ತು. ಕುತ್ತಿಗೆಯಲ್ಲಿ ತೂತಿಟ್ಟುಕೊಂಡು ಬಂದ ಮನುಷ್ಯನ ಮುಖಕ್ಕೆ ನಿನ್ನ ಮಾತು ತಿಳಿಯಲಿಲ್ಲ ಅಂತ ನಮ್ಮ ಕಡೆ ಯಾರು ಹೇಳುತ್ತಾರೆ? ಅದು ಮರ್ಯಾದೆಯಲ್ಲ. ಹೂಂ ಅಂದು, ಪಾಪ ಅಂದು, ಚಹಾ ಕುಡಿಸಿ ಕಳಿಸುತ್ತಾರೆ.

ಮದುವೆ ಗಟ್ಟಿ ಮಾಡುವ ಮಾತುಕತೆಗೆ ನಮ್ಮಿಬ್ಬರನ್ನೂ ಕರೆದವರು ಅಣ್ಣನೇ. ಯಂತ್ರ ಕೈಕೊಟ್ಟೀತು, ನೀವು ಇರಲೇಬೇಕು ಅಂದರು. ಡಾಕ್ಟರಿಗೆ ಆಗಲಿಲ್ಲ. ನಾನು ಬ್ಯಾಟರಿ, ಎರಡು ಬಿಲ್ಲೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ವ್ಯಾಪಾರಿ ಬೇಡ ಅನ್ನುತ್ತಾರೆ, ವಿಷಯ ಮುಗಿಯುತ್ತದೆ, ನಾನು ಊಟ ಮಾಡಿ ಬರುತ್ತೇನೆ ಅಂತ ಎಣಿಸಿದ್ದೆ.

ವ್ಯಾಪಾರಿಯ ಮನೆಯ ಹಜಾರದಲ್ಲಿ ಜಮಖಾನೆ ಹಾಸಿ ಎರಡೂ ಕಡೆಯ ಹಿರಿಯರು ಕೂತಿದ್ದರು. ನಡುವೆ ಎಲೆ ಅಡಿಕೆ, ಸಕ್ಕರೆಯ ತಟ್ಟೆ. ಆ ಮನೆತನಗಳ ಪದ್ಧತಿ ನನಗೆ ಗೊತ್ತಾದದ್ದು ಅಲ್ಲಿ ಕೂತ ಮೇಲೆ. ಹೆಣ್ಣಿನ ತಂದೆ ಹತ್ತು ಜನರ ಎದುರು ಬಾಯಿಂದ ‘ಕೊಟ್ಟೀವಿ’ ಅನ್ನಬೇಕು. ಆಮೇಲೆಯೇ ಸಕ್ಕರೆ ಹಂಚುವುದು. ತಂದೆ ಬದುಕಿರುವಾಗ ಅವನ ಬದಲು ಬೇರೆಯವರು ಅನ್ನುವಂತಿಲ್ಲ. ವ್ಯಾಪಾರಿಗೆ ದನಿಯಿಲ್ಲದ್ದರಿಂದ ವರ್ಷದಿಂದ ಮಾತು ಅಲ್ಲಿಗೇ ನಿಂತಿತ್ತಂತೆ. ಪಕ್ಕದ ಹೆಂಗಸು ನನಗೆ ಅದನ್ನು ಹೇಳಿದಳು. ಒಂದ ಮಾತು ಬಂದ್ರ ಸಾಕು ಅಂದಿದ್ದರಲ್ಲ ಅಣ್ಣ, ಆ ಒಂದು ಮಾತು ಇದು.

ಗಂಡಿನ ಕಡೆಯ ಹಿರಿಯರು ಹೆಣ್ಣಿನ ತಂದೆಯ ಬಾಯಿಂದ ಕೇಳೋಣ ಅಂದರು. ವ್ಯಾಪಾರಿ ಎದ್ದು ನಿಂತರು. ಯಂತ್ರವನ್ನು ಸರಿಯಾದ ಜಾಗಕ್ಕೆ ಒತ್ತಿಕೊಂಡು, ಕಲಿಸಿದ ಹಾಗೆ ತಡೆತಡೆದು ಹೇಳಿದರು: “ನನ್ನ ಮಗಳನ್ನ ಇವರ ಮನಿಗೆ ಕೊಡಂಗಿಲ್ಲ. ಆಕಿಗೆ ಮನಸಿಲ್ಲ. ನನಗೂ ಮನಸಿಲ್ಲ.” ಅಷ್ಟು ಚೊಕ್ಕವಾಗಿ ಅವರು ಲ್ಯಾಬಿನಲ್ಲೂ ಮಾತಾಡಿರಲಿಲ್ಲ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬರು ಹೂಂ ಅಂದರು. ಪಕ್ಕದವರೂ ಹೂಂ ಅಂದರು. ಜಮಖಾನೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ತಲೆಯಾಡಿಸಿದರು, ಹುಲಿಗಿಯಲ್ಲಿ ಆಡಿಸಿದ ಹಾಗೆಯೇ, ಕುಷ್ಟಗಿಯಲ್ಲಿ ಆಡಿಸಿದ ಹಾಗೆಯೇ. ಅಣ್ಣ ಕೈಮುಗಿದು, “ಕೇಳಿದ್ರಲ್ಲ, ನನ್ನ ತಮ್ಮ ಬಾಯಿಬಿಟ್ಟು ಕೊಟ್ಟ. ಸಕ್ಕರಿ ಹಂಚ್ರಿ” ಅಂದರು.

ನಾನು ಎದ್ದೆ. ಅವರು ಕೊಡುವುದಿಲ್ಲ ಅಂದಿದ್ದಾರೆ, ಇಬ್ಬರಿಗೂ ಮನಸ್ಸಿಲ್ಲ ಅಂದಿದ್ದಾರೆ ಅಂತ ಗಟ್ಟಿಯಾಗಿಯೇ ಹೇಳಿದೆ. ಅಣ್ಣ ಸಿಟ್ಟಾಗಲಿಲ್ಲ. ಬಹಳ ಮೆತ್ತಗೆ, “ಮೇಡಂ, ನೀವು ಮಷೀನು ನೋಡ್ಕೊಳ್ರಿ. ಮನಿ ಮಾತು ನಾವು ನೋಡ್ಕೋತೀವಿ” ಅಂದರು. ಅಡುಗೆಮನೆಯ ಬಾಗಿಲಿನಿಂದ ಮಗಳು, “ಅಪ್ಪ ಬ್ಯಾಡ ಅಂದಾನ ದೊಡ್ಡಪ್ಪ” ಅಂದಳು. ದೊಡ್ಡಮ್ಮ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಗಂಟಲು ಸರಿಯಿದ್ದ ನಮ್ಮಿಬ್ಬರು ಹೆಂಗಸರ ಮಾತೂ ಆ ಹಜಾರದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಗ ವ್ಯಾಪಾರಿ ಗುಂಡಿ ಒತ್ತಿ ಹಿಡಿದರು. ಮಾತಾಡಲಿಲ್ಲ, ಸುಮ್ಮನೆ ಒತ್ತಿ ಹಿಡಿದು ನಿಂತರು. ಗುಂಯ್ ಎಂಬ ಸದ್ದು ಹಜಾರ ತುಂಬಿತು. ಸಕ್ಕರೆ ಹಂಚುತ್ತಿದ್ದವನ ಕೈ ನಿಂತಿತು. ಎಲ್ಲರೂ ಅವರನ್ನೇ ನೋಡಿದರು. ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದರೆ ಯಾರಾದರೂ ಏನಪ್ಪಾ ಅಂತ ಕೇಳಲೇಬೇಕಿತ್ತು. ಅಷ್ಟರಲ್ಲಿ ನಾನು ಹಾಕಿದ ಕಟ್ಟುಪಾಡಿನ ಪ್ರಕಾರ ಯಂತ್ರ ತಾನಾಗಿಯೇ ಆರಿತು. ಅವರು ಮತ್ತೆ ಒತ್ತಿದರು, ಮತ್ತೆ ಆರಿತು. ಹಿರಿಯರು ತಾಳ್ಮೆಯಿಂದ ಕಾದರು. ಪಾಪ, ಖುಷಿಗೆ ಏನೋ ಆಗ್ಯಾದ ಅಂದರು ಯಾರೋ. ಅಣ್ಣ ಬಂದು ತಮ್ಮನ ಭುಜ ತಬ್ಬಿ ಕೂರಿಸಿದರು. ನನ್ನ ಕೈಗೂ ಸಕ್ಕರೆ ಬಂತು. ಹೊರಗೆ ಬಂದು ನೀರಿನ ತೊಟ್ಟಿಯ ಪಕ್ಕದಲ್ಲಿ ಚೆಲ್ಲಿದೆ.

ಆ ವಾರ ನಾನು ಪರೀಕ್ಷೆಯ ರೀತಿಯನ್ನೇ ಬದಲಾಯಿಸಿದೆ. ತಿಳಿಯಿತೇ ಅಂತ ಕೇಳುವುದಿಲ್ಲ. ಕೇಳಿದವರು ಕೇಳಿದ್ದನ್ನು ತಿರುಗಿ ನಮಗೆ ಹೇಳಬೇಕು. ಅದೇ ಚಹಾದಂಗಡಿ, ಅದೇ ಬಸ್ ನಿಲ್ದಾಣ. ಯಂತ್ರದ ಮಾನ ಹೋಯಿತು. ನಾಲ್ಕು ಮಾತಿನಲ್ಲಿ ಒಂದನ್ನು ತಿರುಗಿ ಹೇಳಿದರೇ ಹೆಚ್ಚು. ಮಿಕ್ಕವರು ನಕ್ಕು, ನೆಲ ನೋಡಿ, ಏನೋ ಊರಿನ ಮಾತು ಹೇಳಿದ್ರಲ್ಲರೀ ಅಂದರು. ಹೂವಿನ ಹೆಂಗಸು ನನ್ನ ಮೇಲೆಯೇ ಬೇಜಾರು ಮಾಡಿಕೊಂಡಳು.

ವ್ಯಾಪಾರಿ ಮುಂದಿನ ಸಲ ಬಂದಾಗ ಅಣ್ಣ ಎಂದಿನಂತೆ ಜೊತೆಗಿದ್ದರು. ಮನೆಯವರ ಪರೀಕ್ಷೆಯೂ ಆಗಬೇಕು ಅಂದೆ, ಅಣ್ಣನನ್ನು ತಮ್ಮನಿಗೆ ಬೆನ್ನು ಮಾಡಿ ಕೂರಿಸಿದೆ. ವ್ಯಾಪಾರಿ ಪಟ್ಟಿಯಲ್ಲಿದ್ದ ಮಾತುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಅಣ್ಣ ಒಂದೊಂದಾಗಿ ತಿರುಗಿ ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ಮಗಳನ್ನು ಬಿಟ್ಟರೆ ಅವರಷ್ಟು ಚೆನ್ನಾಗಿ ಆ ದನಿಯನ್ನು ಅರ್ಥಮಾಡಿಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ತೂತು ತೊಳೆದ ಕೈ, ಅಭ್ಯಾಸದ ದಿನವೆಲ್ಲ ಆ ದನಿ ಕೇಳುತ್ತ ಕೂತ ಕಿವಿ, ತಪ್ಪುವುದಾದರೂ ಹೇಗೆ?

ಪಟ್ಟಿ ಮುಗಿಯಿತು. ವ್ಯಾಪಾರಿ ಯಂತ್ರ ಕೆಳಗಿಡಲಿಲ್ಲ. ತಾವಾಗಿಯೇ ಹೇಳಿದರು: “ಮಗಳನ್ನ ಕೊಡಾಕ ನನಗ ಮನಸಿಲ್ಲ ಅಣ್ಣ.”

ಅಣ್ಣ ನನ್ನ ಕಡೆ ತಿರುಗಿ, “ಇದೊಂದು ತಿಳೀಲಿಲ್ಲರಿ” ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ನೀವು ಸುಳ್ಳು ಹೇಳುತ್ತಿದ್ದೀರಿ ಅಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ತಮ್ಮನನ್ನು ಎಬ್ಬಿಸಿದರು. ತಮ್ಮ ಎದ್ದು ಹೋದರು. ಯಾಕೆ ಎದ್ದಿರಿ ಅಂತ ನಾನು ಆಮೇಲೆ ಕೇಳಿದ್ದಕ್ಕೆ, ಹುಬ್ಬಳ್ಳಿಯ ಆಸ್ಪತ್ರೆಯ ಜಗುಲಿಯಲ್ಲಿ ಅಣ್ಣ ಮಲಗಿದ್ದನ್ನು ಮರೆಯಲಾಗುವುದಿಲ್ಲ ಅಂದರು.

ಹೊಸ ಪರೀಕ್ಷೆಯ ಫಲಿತಾಂಶ ತೆಗೆದುಕೊಂಡು ಡಾಕ್ಟರ ಬಳಿ ಹೋದೆ. ಹಳೆಯ ವರದಿ ಹಿಂದಕ್ಕೆ ತೆಗೆದುಕೊಳ್ಳೋಣ, ಸಮಾರಂಭ ಮುಂದೂಡೋಣ ಅಂದೆ. ಅವರು ಕೆಟ್ಟವರಲ್ಲ, ದಣಿದವರು. “ನಿಲ್ಲಿಸಿದ್ರ ಉಳಿದ ಪೇಷಂಟ್‌ಗಳಿಗೆ ಇದೂ ಸಿಗಂಗಿಲ್ಲ ಮೇಡಂ. ಅರ್ಧ ಮಾತರ ಬರಲಿ” ಅಂದರು. ಆ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ನಾನೇ ಒಂದು ನಿರ್ಧಾರ ಮಾಡಿದೆ. ಸಮಾರಂಭ ಆಗಲಿ. ಕಂಪನಿಯ ಅಧಿಕಾರಿ ಬರೆದುಕೊಟ್ಟಿದ್ದ ‘ನನಗೆ ಮರಳಿ ಮಾತು ಸಿಕ್ಕಿದೆ, ಎಲ್ಲರಿಗೂ ಕೃತಜ್ಞತೆಗಳು’ ಎಂಬ ಚೀಟಿಯನ್ನು ಮಾತ್ರ ವ್ಯಾಪಾರಿಗೆ ಕೊಡುವುದಿಲ್ಲ. ಅವರಿಗೆ ಹೇಳಬೇಕಾದ್ದನ್ನು ಅವರು ಹೇಳಲಿ. ಯಂತ್ರದಿಂದ ತಾನಾಗಿ ಆರುವ ಆ ಕಟ್ಟುಪಾಡನ್ನೂ ಕಿತ್ತುಹಾಕಿದೆ.

ಸಭಾಭವನ ತುಂಬಿತ್ತು. ಬೇವೂರಿನ ಕಡೆಯಿಂದ ಒಂದು ಗಾಡಿ ತುಂಬ ಜನ ಬಂದಿದ್ದರು. ಜಮಖಾನೆಯ ಮೇಲೆ ಕೂತಿದ್ದ ಅವೇ ಹಿರಿಯರು, ಮೊದಲ ಸಾಲಿನಲ್ಲಿ ಅಣ್ಣ. ನಿರೂಪಣೆ ಮಾಡುತ್ತಿದ್ದ ಅಧಿಕಾರಿ, ಈ ಯಂತ್ರದಿಂದ ಸ್ವಂತ ಮಗಳ ಮದುವೆಗೆ ಬಾಯಾರೆ ಒಪ್ಪಿಗೆ ಕೊಟ್ಟ ತಂದೆ ಅಂತ ವ್ಯಾಪಾರಿಯನ್ನು ಪರಿಚಯಿಸಿದರು. ಅಣ್ಣನಿಂದ ತಿಳಿದುಕೊಂಡಿದ್ದಿರಬೇಕು. ವ್ಯಾಪಾರಿ ಮೈಕಿನ ಮುಂದೆ ನಿಂತು ಯಂತ್ರ ಹಿಡಿದರು. “ನಾ ಒಪ್ಪಿಲ್ಲ. ಬ್ಯಾಡ ಅಂದೀನಿ. ಎಲ್ಲಾರೂ ಕೂಡಿ ನನ್ನ ಮಾತು ಕಸಗೊಂಡಾರ.”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಅಧಿಕಾರಿ ಕಣ್ಣೊರೆಸಿಕೊಂಡರು. ವ್ಯಾಪಾರಿ ಚಪ್ಪಾಳೆ ನಿಲ್ಲುವವರೆಗೆ ಕಾದು ಮತ್ತೆ ಅದನ್ನೇ ಹೇಳಿದರು. ಇನ್ನೂ ಜೋರಾಗಿ ತಟ್ಟಿದರು.

ನಾನು ಹೋಗಿ ಮೈಕು ತೆಗೆದುಕೊಂಡೆ. ನಿಮಗೆ ತಿಳಿದಿಲ್ಲ, ಅದಕ್ಕೆ ತಟ್ಟುತ್ತಿದ್ದೀರಿ ಅಂದೆ. ಅವರ ಮಾತನ್ನು ಅವರ ಮಾತಿನಲ್ಲೇ ಎರಡು ಸಲ ಬಿಡಿಬಿಡಿಯಾಗಿ ಹೇಳಿದೆ. ಸಭೆ ತಣ್ಣಗಾಯಿತು. ಅಧಿಕಾರಿ ಮೈಕು ಇಸಿದುಕೊಂಡು, ಭಾವುಕ ಗಳಿಗೆ ಇದು ಅಂತ ಏನೋ ಹೇಳಿ, ವಂದನಾರ್ಪಣೆ ಮುಗಿಸಿ, ಊಟಕ್ಕೆ ಏಳಬೇಕು ಅಂದರು. ಜನ ಎದ್ದರು. ಅಣ್ಣನೂ ಎದ್ದು ಪಂಕ್ತಿಯಲ್ಲಿ ಕೂತರು. ಕೈತೊಳೆಯುವಲ್ಲಿ ಬೇವೂರಿನ ಕಡೆಯ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು, “ಅಂವ ಹೇಳಿದ್ದು ಖರೇ ಐತಿ ಮೇಡಂ. ಆದ್ರ ಸಕ್ಕರಿ ಹಂಚಿ ಬಿಟ್ಟೇವಲ್ಲ” ಅಂದರು. ಅವರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಟವೆಲ್ ಹುಡುಕುತ್ತ ಹೋದರು.

ಮದುವೆ ಗೊತ್ತು ಮಾಡಿದ ದಿನವೇ ಆಯಿತು. ಮಗಳು ಕೆಲಸ ಬಿಟ್ಟು ಶ್ರೀರಾಮನಗರದ ಕಡೆ ಹೋದಳು. ಕಂಪನಿಯವರು ನನ್ನ ವರ್ತನೆಗೆ ಬೇಸರಪಟ್ಟು ಯೋಜನೆ ನಿಲ್ಲಿಸಿದರು. ಮಾಡಿಟ್ಟಿದ್ದ ಕೆಲವು ಯಂತ್ರಗಳು ರೋಗಿಗಳ ಕೈಗೆ ಹೋದವು, ಉಳಿದ ನೈಲಾನ್ ಬಿಲ್ಲೆಗಳು ನನ್ನ ಮೇಜಿನ ಖಾನೆಯಲ್ಲಿವೆ.

ಮದುವೆಯಾಗಿ ಕೆಲವು ತಿಂಗಳಿಗೆ ವ್ಯಾಪಾರಿ ಬ್ಯಾಟರಿ ಹಾಕಿಸಲು ಒಬ್ಬರೇ ಬಂದರು. ನಾನು ಯಂತ್ರ ಬಿಚ್ಚಿ, ಒರೆಸಿ, ಹೊಸ ಬ್ಯಾಟರಿ ಕೂರಿಸಿ ಕೊಟ್ಟೆ. ದವಡೆಗೆ ಇಟ್ಟು ನೋಡಿದರು. ಆಮೇಲೆ ಕೇಳಿದರು: “ಆವತ್ತ ನೀವು ಮೈಕಿನಾಗ ಅಂದದ್ದು ಅವರಿಗೆ ತಿಳದಿತ್ತೇನ್ರಿ?”

ಮೈಕು ಸರಿ ಇರಲಿಲ್ಲ, ಯಾರಿಗೂ ಕೇಳಿಸಲಿಲ್ಲ ಅನ್ನಬಹುದಿತ್ತು. ಅದು ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

“ತಿಳದಿತ್ರಿ. ಎಲ್ಲಾರಿಗೂ ತಿಳದಿತ್ತು” ಅಂದೆ.

ಅವರು ತಲೆಯಾಡಿಸಿದರು. ಯಂತ್ರವನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದರು, ಮತ್ತೆ ದವಡೆಗೆ ಒತ್ತಿಕೊಂಡರು.

“ಅಂದ್ರ ಮಷೀನಿನಾಗ ಏನೂ ತಪ್ಪಿಲ್ಲ ಬಿಡ್ರಿ” ಅಂದರು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.